ನೀರಿನ ಆಟಕ್ಕೆ ಹಳೆಯ ಬೋಟ್: ಕಡಿಮೆ ದುಡ್ಡಿನಲ್ಲಿ ಒಳ್ಳೆಯದನ್ನು ಆರಿಸುವ ಬಗೆ

ವೇಕ್‌ಬೋರ್ಡ್ ಅಂದರೆ ಬೋಟ್ ಹಗ್ಗದಿಂದ ಎಳೆಯುವಾಗ ಕಾಲಿಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವ ಹಲಗೆ. ಈ ಆಟಕ್ಕೆ ಮಾಡಿದ ಹೊಸ ಬೋಟ್‌ನ ಬೆಲೆ ಕೇಳಿ ಹಲವರು ಅಲ್ಲಿಗೇ ಆಸೆ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಹದಿನೈದು ಇಪ್ಪತ್ತು ವರ್ಷ ಹಳೆಯ ಬೋಟ್ ಆದರೂ ಪರವಾಗಿಲ್ಲ, ಇಟ್ಟುಕೊಂಡವರು ಕಾಳಜಿಯಿಂದ ನೋಡಿಕೊಂಡಿದ್ದರೆ ಅದು ಇನ್ನೂ ಎಷ್ಟೋ ವರ್ಷ ನಿಮ್ಮನ್ನು ಖುಷಿಯಾಗಿ ಎಳೆಯುತ್ತದೆ. ಕಷ್ಟ ಇರುವುದು ಅಂಥದ್ದನ್ನು ಗುರುತಿಸುವುದರಲ್ಲಿ. ಫಳಫಳ ಹೊಳೆಯುವ ಬೋಟ್‌ನ ನೆಲದಡಿ ಮರ ಕೊಳೆತಿರಬಹುದು. ಬಣ್ಣ ಮಾಸಿ ಮೂಲೆಯಲ್ಲಿ ನಿಂತ ಬೋಟ್‌ನ ಎಂಜಿನ್ ಗಟ್ಟಿಮುಟ್ಟಾಗಿರಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕಡಿಮೆ ಇದ್ದಾಗ ಬೋಟ್‌ನ ಎಲುಬಿಗೆ ಮತ್ತು ಎಂಜಿನ್‌ಗೆ ದುಡ್ಡು ಕೊಡಿ, ಸೊಗಸಿಗೆ ಕೊಡಬೇಡಿ. ಟವರ್ (ಹಗ್ಗ ಕಟ್ಟಲು ಬೋಟ್ ಮೇಲೆ ಕೂರಿಸುವ ಎತ್ತರದ ಕಮಾನು), ಅಲೆ ದೊಡ್ಡದಾಗಲು ನೀರು ತುಂಬಿಡುವ ಭಾರದ ಚೀಲ, ಸ್ಪೀಕರ್ ಎಲ್ಲವನ್ನೂ ಆಮೇಲೆ ಒಂದೊಂದಾಗಿ ಹಾಕಿಸಬಹುದು. ಕೊಳೆತ ತೊಲೆ, ಬಿರುಕು ಬಿಟ್ಟ ಎಂಜಿನ್ ಬ್ಲಾಕ್ ಹಾಗಲ್ಲ. ಅವನ್ನು ಸರಿಪಡಿಸುವ ಖರ್ಚು ಬೋಟ್‌ಗೆ ಕೊಟ್ಟದ್ದನ್ನೂ ಮೀರಿಸಬಹುದು. ಹಾಗೆಯೇ ಕೈಯಲ್ಲಿರುವ ಅಷ್ಟನ್ನೂ ಬೋಟ್ ಕೊಳ್ಳುವುದಕ್ಕೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನು ಎತ್ತಿಡಿ. ಮೊದಲ ವರ್ಷದಲ್ಲಿ ಅದು ಖಂಡಿತ ಬೇಕಾಗುತ್ತದೆ.

ಮೊದಲು ಯಾವ ಆಟ ಅಂತ ತೀರ್ಮಾನಿಸಿ

ಒಂದೊಂದು ಆಟಕ್ಕೆ ಒಂದೊಂದು ಥರದ ಅಲೆ ಬೇಕು. ವೇಕ್‌ಬೋರ್ಡಿಂಗ್‌ನಲ್ಲಿ ಬೋಟ್ ಗಂಟೆಗೆ ಸುಮಾರು 30ರಿಂದ 38 ಕಿ.ಮೀ. ವೇಗದಲ್ಲಿ ಓಡುತ್ತದೆ. ಹಗ್ಗದ ಉದ್ದ ಸುಮಾರು 18ರಿಂದ 25 ಮೀಟರ್. ಬೋಟ್ ಹಿಂದೆ ಏಳುವ ಅಲೆ ಎತ್ತರವಾಗಿ, ಗಟ್ಟಿಯಾಗಿ ಇದ್ದರೆ ಅದನ್ನೇ ಹತ್ತಿ ಮೇಲಕ್ಕೆ ಹಾರಬಹುದು. ನೀರಿನ ಸ್ಕೀಯಿಂಗ್‌ಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ. ಒಂಟಿ ಸ್ಕೀ ಮೇಲೆ ಪಳಗಿದವರು ಗಂಟೆಗೆ 58 ಕಿ.ಮೀ. ವರೆಗೂ ಹೋಗುತ್ತಾರೆ, ಅವರಿಗೆ ಅಲೆ ಚಪ್ಪಟೆಯಾಗಿದ್ದಷ್ಟೂ ಒಳ್ಳೆಯದು. ವೇಕ್‌ಸರ್ಫಿಂಗ್, ಅಂದರೆ ಹಗ್ಗ ಬಿಟ್ಟು ಬೋಟ್‌ನ ಅಲೆಯ ಮೇಲೆಯೇ ಹಲಗೆಯಲ್ಲಿ ಜಾರುವ ಆಟ, ಮತ್ತೂ ಬೇರೆ. ಅಲ್ಲಿ ವೇಗ ಗಂಟೆಗೆ 16ರಿಂದ 19 ಕಿ.ಮೀ. ಅಷ್ಟೇ. ಆದರೆ ಆಡುವವರು ಬೋಟ್‌ಗೆ ತೀರಾ ಹತ್ತಿರ, ಕೆಲವೇ ಮೀಟರ್ ದೂರದಲ್ಲಿ ಇರುತ್ತಾರೆ. ಈ ಹತ್ತಿರ ಅನ್ನುವ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಮಕ್ಕಳನ್ನು ಗಾಳಿ ತುಂಬಿದ ಟ್ಯೂಬ್ ಮೇಲೆ ಕೂರಿಸಿ ಎಳೆಯುವುದಷ್ಟೇ ಆಸೆ ಇದ್ದರೆ ಯಾವ ವಿಶೇಷ ಬೋಟೂ ಬೇಡ. ಸಾಮಾನ್ಯ ಬೋಟೇ ಸಾಕು, ದುಡ್ಡೂ ಉಳಿಯುತ್ತದೆ. ಮನೆಯವರೆಲ್ಲ ಕೂತು ಒಂದು ಸಲ ಮಾತಾಡಿಕೊಳ್ಳಿ. ಎಷ್ಟು ಜನ ಹತ್ತುತ್ತೀರಿ, ಯಾರು ಯಾವ ಆಟ ಆಡುತ್ತಾರೆ, ನೀವು ಹೋಗುವ ನೀರು ಸಿಹಿಯೋ ಉಪ್ಪೋ, ಎಷ್ಟು ಆಳ, ಬೋಟ್ ಎಳೆಯಲು ನಿಮ್ಮ ಗಾಡಿಗೆ ಎಷ್ಟು ಶಕ್ತಿ ಇದೆ, ಎಲ್ಲ ಲೆಕ್ಕಕ್ಕೆ ಬರುತ್ತದೆ.

ಎಂಜಿನ್ ಎಲ್ಲಿದೆ, ಪ್ರೊಪೆಲ್ಲರ್ ಎಲ್ಲಿದೆ

ಹಳೆಯ ಬೋಟ್‌ಗಳ ಜಾಹೀರಾತು ನೋಡುವಾಗ ಮೊದಲು ತಿಳಿಯಬೇಕಾದ್ದು ಇದು. ಎಂಜಿನ್ ಬೋಟ್ ಒಳಗೆ, ಪ್ರೊಪೆಲ್ಲರ್ ತಳದಡಿ ಇದ್ದರೆ ಅದು ಇನ್‌ಬೋರ್ಡ್. ಡೈರೆಕ್ಟ್ ಡ್ರೈವ್, ವಿ-ಡ್ರೈವ್ ಎರಡೂ ಅದರ ಬಗೆಗಳು.

ಡೈರೆಕ್ಟ್ ಡ್ರೈವ್ ಇನ್‌ಬೋರ್ಡ್‌ನಲ್ಲಿ ಎಂಜಿನ್ ಬೋಟ್‌ನ ನಟ್ಟನಡುವೆ ಒಂದು ಪೆಟ್ಟಿಗೆಯೊಳಗೆ ಕೂತಿರುತ್ತದೆ. ಇವು ಸ್ಕೀಯಿಂಗ್‌ಗೆ ಅಂತಲೇ ಮಾಡಿದವು, ಅಲೆ ಸಣ್ಣದು. ರಚನೆ ಸರಳ, ರಿಪೇರಿ ಸುಲಭ. ಹಳೆಯವು ಕಡಿಮೆ ಬೆಲೆಗೆ ಸಿಗುತ್ತವೆ. ಹಿಂಭಾಗಕ್ಕೆ ಭಾರ ಹಾಕಿ, ಮೇಲೊಂದು ಟವರ್ ಕೂರಿಸಿದರೆ ಕಲಿಯುವವರಿಗೆ, ಅಷ್ಟೇ ಏಕೆ, ನಡುಮಟ್ಟದವರಿಗೂ ಸಾಕಾಗುವ ಅಲೆ ಬರುತ್ತದೆ. ನಡುವಿನ ಎಂಜಿನ್ ಪೆಟ್ಟಿಗೆ ಜಾಗ ತಿನ್ನುತ್ತದೆ ಅನ್ನುವುದೊಂದೇ ಕಿರಿಕಿರಿ.

ವಿ-ಡ್ರೈವ್‌ನಲ್ಲಿ ಎಂಜಿನ್ ಹಿಂಬದಿಗೆ, ತಿರುವಿ ಕೂರಿಸಿರುತ್ತಾರೆ. ಶಾಫ್ಟ್ ಮುಂದಕ್ಕೆ ಬಂದು, ಗೇರ್‌ಪೆಟ್ಟಿಗೆಯಲ್ಲಿ ತಿರುಗಿ, ಮತ್ತೆ ಹಿಂದಕ್ಕೆ ಬೋಟ್‌ನ ಅಡಿಗೆ ಹೋಗುತ್ತದೆ. ಭಾರ ಹಿಂದೆ ಇರುವುದರಿಂದ ಅಲೆ ತಾನೇ ದೊಡ್ಡದಾಗುತ್ತದೆ, ನಡುವೆ ಜಾಗವೂ ಬಿಡುವಾಗುತ್ತದೆ. ಇವತ್ತಿನ ವೇಕ್ ಬೋಟ್‌ಗಳು ಹೆಚ್ಚೂಕಡಿಮೆ ಇದೇ ಬಗೆಯವು. ಬೆಲೆಯೂ ಜಾಸ್ತಿ.

ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಕಾಲು ಹೊರಗೆ ಹಿಂದುಗಡೆ. ಮನೆಮಂದಿಯೆಲ್ಲ ಸುತ್ತಾಡುವ ಬೋಟ್‌ಗಳಲ್ಲಿ ಇದು ತುಂಬಾ ಸಾಮಾನ್ಯ, ಕಡಿಮೆ ಬೆಲೆಯಲ್ಲಿ ಬೇಕಾದಷ್ಟು ಸಿಗುತ್ತವೆ. ವೇಕ್‌ಬೋರ್ಡಿಂಗ್‌ಗೆ ನಡೆಯುತ್ತದೆ. ಎಂಜಿನ್ನೇ ಹೊರಗೆ ಹಿಂಗೋಡೆಗೆ ತೂಗಿರುವ ಔಟ್‌ಬೋರ್ಡ್ ಕೂಡ ಹಾಗೆಯೇ. ಜೆಟ್ ಬೋಟ್‌ಗೆ ಹೊರಗೆ ಪ್ರೊಪೆಲ್ಲರ್ರೇ ಇಲ್ಲ, ಕಡಿಮೆ ಆಳದಲ್ಲಿ ಓಡುತ್ತದೆ. ಆದರೆ ನಿಧಾನವಾಗಿ ಹೋಗುವಾಗ ಹಿಡಿದ ದಿಕ್ಕಿಗೆ ತಿರುಗಿಸಲು ಅಭ್ಯಾಸ ಬೇಕು.

ಈಗ ಆ ಹತ್ತಿರದ ಮಾತು. ಇನ್‌ಬೋರ್ಡ್‌ಗಳಲ್ಲಿ ಪ್ರೊಪೆಲ್ಲರ್ ಬೋಟ್‌ನ ಅಡಿಯಲ್ಲಿ, ಹಿಂತುದಿಗಿಂತ ಮುಂದೆ ಅಡಗಿರುತ್ತದೆ. ಸಾಮಾನ್ಯ ಸ್ಟರ್ನ್‌ಡ್ರೈವ್ ಮತ್ತು ಔಟ್‌ಬೋರ್ಡ್‌ಗಳಲ್ಲಿ ಅದು ಹಿಂದೆ ತೆರೆದೇ ತಿರುಗುತ್ತಿರುತ್ತದೆ. ಅವುಗಳ ಹಿಂದೆ ವೇಕ್‌ಸರ್ಫ್ ಮಾಡಲೇಬಾರದು. ಬಿದ್ದರೆ ಸೀದಾ ಪ್ರೊಪೆಲ್ಲರ್ ಬಳಿಗೇ ಬೀಳುತ್ತೀರಿ. ವೋಲ್ವೋ ಪೆಂಟಾ 2015ರಲ್ಲಿ ತಂದ ಫಾರ್ವರ್ಡ್ ಡ್ರೈವ್‌ನಂತೆ ಪ್ರೊಪೆಲ್ಲರ್ ಮುಂದಕ್ಕೆ ಮುಖ ಮಾಡಿದ ಸ್ಟರ್ನ್‌ಡ್ರೈವ್‌ಗಳಿವೆ, ಅವು ಸರ್ಫಿಂಗನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದವು. ಅದನ್ನು ಬಿಟ್ಟರೆ ಸರ್ಫ್ ಮಾಡುವ ಆಸೆ ಇರುವವರು ಇನ್‌ಬೋರ್ಡನ್ನೇ ಹುಡುಕಿ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಯಾವ ಕಾಲದ್ದು, ಯಾವ ಹೆಸರು

ಕರೆಕ್ಟ್ ಕ್ರಾಫ್ಟ್ ಕಂಪನಿ 1997ರಲ್ಲಿ ತನ್ನ ಸೂಪರ್ ಏರ್ ನಾಟಿಕ್ ಬೋಟ್‌ನ ಮೇಲೆ ಟವರ್ ಕೂರಿಸಿ ಮಾರುಕಟ್ಟೆಗೆ ಬಿಟ್ಟಿತು. ಹಗ್ಗವನ್ನು ಎತ್ತರದಿಂದ ಕಟ್ಟಿದರೆ ಎಳೆತ ಮೇಲ್ಮುಖವಾಗಿ ಬರುತ್ತದೆ, ಹಾರುವುದು ಸುಲಭವಾಗುತ್ತದೆ. ಅಲ್ಲಿಂದ ಮುಂದೆ ಟವರ್ ಎಲ್ಲೆಡೆ ಹಬ್ಬಿತು. ಹಾಗಾಗಿ ಟವರ್, ಭಾರದ ವ್ಯವಸ್ಥೆ ಎರಡೂ ಕಂಪನಿಯಿಂದಲೇ ಬಂದಿರಬೇಕು ಅಂದರೆ 2000ದ ಆಸುಪಾಸಿನ ಅಥವಾ ನಂತರದ ಬೋಟ್ ನೋಡಿ. ಇನ್ನೂ ಕಡಿಮೆಗೆ ಬೇಕಾದರೆ ತೊಂಬತ್ತರ ದಶಕದ ಡೈರೆಕ್ಟ್ ಡ್ರೈವ್‌ಗಳ ಕಡೆ ಹೋಗಿ.

ಮಾಸ್ಟರ್‌ಕ್ರಾಫ್ಟ್, ನಾಟಿಕ್, ಮಾಲಿಬು ಹೆಸರುಗಳಿಗೆ ಹಳೆಯದಾದರೂ ಬೆಲೆ ಇಳಿಯುವುದು ನಿಧಾನ. ಮೂಂಬಾ ಬೋಟ್‌ಗಳನ್ನು ಸುಪ್ರಾ ತಯಾರಿಸುವ ಕಂಪನಿಯೇ ಕಡಿಮೆ ಬೆಲೆಗೆ ಮಾಡುತ್ತದೆ. ಮಾಲಿಬು ಕೂಡ 2009ರಲ್ಲಿ ಆಕ್ಸಿಸ್ ಅನ್ನುವ ಸರಳ ಸಾಲನ್ನು ಶುರು ಮಾಡಿತು. ಕಡಿಮೆ ದುಡ್ಡಿನವರು ಈ ಎರಡನ್ನು ಮರೆಯದೆ ನೋಡಬೇಕು. ಪರದೆ, ಸ್ವಿಚ್ಚು ಕಡಿಮೆ ಇದ್ದಷ್ಟೂ ಕೆಡುವುದೂ ಕಡಿಮೆ.

ಹೋಗುವ ಮುನ್ನ ಫೋನಿನಲ್ಲಿ ಕೇಳಿ

ಎಷ್ಟು ಗಂಟೆ ಓಡಿದೆ? ಉಪ್ಪುನೀರಿಗೆ ಇಳಿದಿದೆಯಾ? ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಜಾಗವಾದರೆ, ಎಂಜಿನ್‌ನ ನೀರು ಬಸಿದು ಇಡುತ್ತಿದ್ದವರು ಯಾರು? ಸರ್ವಿಸ್ ಮಾಡಿಸಿದ ಚೀಟಿಗಳಿವೆಯಾ? ಮಾರುತ್ತಿರುವುದು ಏಕೆ? ಕೊನೆಯದಾಗಿ ಒಂದು ಕೋರಿಕೆ: ನಾನು ಬರುವ ಮೊದಲು ಎಂಜಿನ್ ಚಾಲೂ ಮಾಡಬೇಡಿ ಅನ್ನಿ. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ ಅನ್ನುವುದನ್ನು ನೀವೇ ನೋಡಬೇಕು.

ಗಂಟೆಯ ಲೆಕ್ಕಕ್ಕೆ ಹೆದರಬೇಡಿ. ವರ್ಷಕ್ಕೆ 50ರಿಂದ 100 ಗಂಟೆ ಓಡುವುದು ಸಾಮಾನ್ಯ. ಹೊತ್ತುಹೊತ್ತಿಗೆ ಎಣ್ಣೆ ಬದಲಾಯಿಸಿದ ವಿ8 ಎಂಜಿನ್‌ಗಳು 1,000 ಗಂಟೆ ದಾಟಿಯೂ ಚೆನ್ನಾಗಿ ಓಡುತ್ತವೆ. ಇಪ್ಪತ್ತು ವರ್ಷದ ಬೋಟ್ ಬರೀ 150 ಗಂಟೆ ಓಡಿದೆ ಅಂದರೆ ನನಗೆ ಸಮಾಧಾನಕ್ಕಿಂತ ಪ್ರಶ್ನೆಯೇ ಜಾಸ್ತಿ. ಸುಮ್ನೆ ನಿಂತಿದ್ದ ಬೋಟ್‌ನಲ್ಲಿ ರಬ್ಬರ್ ಒಣಗುತ್ತದೆ, ಪೆಟ್ರೋಲ್ ಕೆಡುತ್ತದೆ, ಸೀಲುಗಳು ಬಿಗಿತ ಕಳೆದುಕೊಳ್ಳುತ್ತವೆ. ಮೀಟರನ್ನೇ ಬದಲಾಯಿಸಿರುವ ಸಾಧ್ಯತೆಯೂ ಇದೆ. ಕಂಪ್ಯೂಟರ್ ಇರುವ ಎಂಜಿನ್ ಆದರೆ ಮೆಕ್ಯಾನಿಕ್ ತನ್ನ ಸಾಧನ ಜೋಡಿಸಿ ಒಳಗೆ ದಾಖಲಾದ ಗಂಟೆಯನ್ನೇ ಓದಬಲ್ಲರು.

ದಡದ ಮೇಲೆ: ನೆಲ, ತೊಲೆ, ಹಿಂಗೋಡೆ

ಇಲ್ಲಿ ಎಷ್ಟು ಹೊತ್ತು ಕಳೆದರೂ ಕಡಿಮೆಯೇ. ಬೋಟ್‌ನ ನೆಲದಡಿ ಉದ್ದಕ್ಕೆ ಸ್ಟ್ರಿಂಗರ್ ಅನ್ನುವ ತೊಲೆಗಳಿರುತ್ತವೆ. ತಳವನ್ನು ಬಿಗಿಯಾಗಿ ಹಿಡಿಯುವುದು ಅವೇ, ಇನ್‌ಬೋರ್ಡ್‌ನಲ್ಲಿ ಎಂಜಿನ್ ಕೂರುವುದೂ ಅವುಗಳ ಮೇಲೆಯೇ. ಹಳೆಯ ಬೋಟ್‌ಗಳಲ್ಲಿ ಇವು ಫೈಬರ್‌ಗ್ಲಾಸ್ ಸುತ್ತಿದ ಮರ. ಒಂದು ಸ್ಕ್ರೂ ತೂತಿನಿಂದ ನೀರು ಒಳಗೆ ಹೋದರೂ ಸಾಕು, ಹೊರಗೆ ಬರಲು ದಾರಿ ಇಲ್ಲದೆ ಮರ ವರ್ಷಗಟ್ಟಲೆ ಒಳಗೇ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ಇದು ಅಪಾಯ.

ಹೀಗೆ ನೋಡಿ. ಕಾರ್ಪೆಟ್ ಮೇಲೆ ಬರಿಗಾಲಿನಲ್ಲಿ ನಡೆಯಿರಿ. ಎಲ್ಲಾದರೂ ಮೆತ್ತಗೆ ಕುಸಿದಂತಾದರೆ ಅಲ್ಲಿ ನಿಲ್ಲಿ, ಹಿಮ್ಮಡಿಯಿಂದ ಒತ್ತಿ. ಎಂಜಿನ್ ಮುಚ್ಚಳ ತೆಗೆದು, ಎಂಜಿನ್ ಕೂತ ಬೋಲ್ಟ್‌ಗಳ ಸುತ್ತ ಟಾರ್ಚ್ ಬಿಡಿ. ಆ ಬೋಲ್ಟ್‌ಗಳು ಸಡಿಲವಾಗಿ ತಿರುಗಿದರೆ ಮರ ಹಿಡಿತ ಬಿಟ್ಟಿದೆ ಅಂತ ಅರ್ಥ. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತ ಜಾಗ ಮಂಕಾಗಿ ಡಬ್ ಅನ್ನುತ್ತದೆ. ಒಂದೆರಡು ಬೋಟ್ ತಟ್ಟಿ ನೋಡಿದರೆ ಕಿವಿಗೆ ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ಟ್ರಾನ್ಸಮ್, ಅಂದರೆ ಹಿಂಗೋಡೆಯನ್ನೂ ಹೀಗೇ ತಟ್ಟಿ. ಸ್ಟರ್ನ್‌ಡ್ರೈವ್ ಮತ್ತು ಔಟ್‌ಬೋರ್ಡ್‌ಗಳಲ್ಲಿ ಎಲ್ಲ ಒತ್ತಡವೂ ಅದರ ಮೇಲೆಯೇ ಬೀಳುತ್ತದೆ. ಹೊರಗಿರುವ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸುವಾಗ ಗೋಡೆಯೇ ಬಾಗಿದರೆ ನಮಸ್ಕಾರ ಹೇಳಿ ಮನೆಗೆ ಬನ್ನಿ. ಇತ್ತೀಚಿನ ಬೋಟ್‌ಗಳಲ್ಲಿ ಮರದ ಬದಲು ಫೈಬರ್‌ಗ್ಲಾಸ್ ತೊಲೆಗಳು ಬಂದಿವೆ. ಯಾವ ಮಾಡೆಲ್‌ಗೆ ಯಾವುದು ಅಂತ ಮೊದಲೇ ತಿಳಿದುಕೊಂಡು ಹೋಗಿ.

ತಳವನ್ನು ಕೆಳಗೆ ಮಲಗಿ ನೋಡಿ. ಹೊರ ಬಣ್ಣ ಮಂಕಾಗಿದ್ದರೆ ಉಜ್ಜಿ ಹೊಳೆಸಬಹುದು. ಕೂದಲೆಳೆಯಂಥ ಬಿರುಕುಗಳು ಮೇಲ್ಪದರದ್ದೇ ಆದರೆ ಚಿಂತೆ ಬೇಡ. ಟವರ್ ಕೂತ ಜಾಗದ ಸುತ್ತ, ಟ್ರೇಲರ್ ತಾಗುವ ಕಡೆ, ಒಂದೇ ಬಿಂದುವಿನಿಂದ ಸುತ್ತಲೂ ಹರಡಿದ ಬಿರುಕು ಕಂಡರೆ ಪೆಟ್ಟು ಬಿದ್ದಿದೆ ಅಂತಲೇ ತಿಳಿಯಿರಿ. ಟವರ್‌ನ ಬೆಸುಗೆಗಳನ್ನೂ ಒಂದೊಂದಾಗಿ ನೋಡಿ. ಇನ್‌ಬೋರ್ಡ್ ಆದರೆ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ. ಶಾಫ್ಟ್ ಒಂದು ಕಡೆ ಬಿಗಿಯಾಗಿ, ಒಂದು ಕಡೆ ಸಡಿಲವಾಗಿ ತಿರುಗಿದರೆ ಅದು ಬಾಗಿದೆ.

ಸೀಟಿನ ಬಟ್ಟೆ ಹರಿದಿದ್ದರೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ಇಡೀ ಬೋಟ್‌ಗೆ ಹೊಸ ಹೊದಿಕೆ ಹಾಕಿಸುವುದು ಜನ ಅಂದುಕೊಂಡದ್ದಕ್ಕಿಂತ ತುಂಬಾ ದುಬಾರಿ. ಆದರೆ ಅದು ಬೋಟ್ ಬೇಡ ಅನ್ನಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ.

ಎಂಜಿನ್

ಬೋಟ್‌ನ ಎಂಜಿನ್ ತಂಪಾಗುವುದು ಕೆರೆಯ ಅಥವಾ ಸಮುದ್ರದ ನೀರಿನಿಂದಲೇ. ಹಳೆಯ ಎಂಜಿನ್‌ಗಳ ದೊಡ್ಡ ಕಾಯಿಲೆಗಳೆಲ್ಲ ಈ ನೀರಿನ ದಾರಿಯಲ್ಲೇ ಹುಟ್ಟುತ್ತವೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಬಸಿಯದೆ ಬಿಟ್ಟ ನೀರು ಒಂದೇ ಚಳಿಗಾಲದಲ್ಲಿ ಎರಕದ ಕಬ್ಬಿಣದ ಬ್ಲಾಕನ್ನು ಸೀಳಬಲ್ಲದು. ಎಣ್ಣೆಯ ಕಡ್ಡಿ ಎಳೆದು ನೋಡಿ. ಹಾಲು ಬೆರೆತ ಕಾಫಿಯ ಬಣ್ಣ ಬಂದಿದ್ದರೆ ಎಣ್ಣೆಗೆ ನೀರು ಸೇರಿದೆ. ಬ್ಲಾಕ್‌ನ ಪಕ್ಕಗಳಲ್ಲಿ ಉದ್ದಕ್ಕೆ ಬಿರುಕು, ತುಕ್ಕಿನ ಗೆರೆ, ಅಂಟು ಹಚ್ಚಿ ಮೇಲೆ ಹೊಸ ಬಣ್ಣ ಬಳಿದ ಗುರುತು ಹುಡುಕಿ. ಉಪ್ಪುನೀರಿನಲ್ಲಿ ಓಡಿದ್ದರೆ ಹೊಗೆ ಹೋಗುವ ಮ್ಯಾನಿಫೋಲ್ಡ್ ಮತ್ತು ರೈಸರ್‌ಗಳು ಒಳಗಿನಿಂದ ಸವೆಯುತ್ತವೆ. ತೂತು ಬಿದ್ದರೆ ನೀರು ಸೀದಾ ಸಿಲಿಂಡರ್‌ಗೆ ಇಳಿಯುತ್ತದೆ. ಅವನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಅಂತ ಕೇಳಿ, ಚೀಟಿ ನೋಡಿ.

ಮೆಕ್ಯಾನಿಕ್ ಕೈಯಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಪರೀಕ್ಷೆ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ 10ರಿಂದ 15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಗೇರ್ ಎಣ್ಣೆಯನ್ನು ಮೂಸಿ ನೋಡಿ, ಸುಟ್ಟ ವಾಸನೆ ಇರಕೂಡದು. ಸ್ಟರ್ನ್‌ಡ್ರೈವ್ ಆದರೆ ಹಿಂದಿರುವ ರಬ್ಬರ್ ಬೆಲೋಸ್‌ಗಳನ್ನು, ಅಂದರೆ ನೀರು ಒಳಗೆ ಬರದಂತೆ ತಡೆಯುವ ಮಡಿಕೆ ಮಡಿಕೆಯ ಕೊಳವೆಗಳನ್ನು, ಮಡಿಕೆ ಬಿಡಿಸಿ ನೋಡಿ. ಅದು ಹರಿದರೆ ನೀರು ಒಳಗೆ ನುಗ್ಗಿ ಬೇರಿಂಗ್ ಕೆಡುತ್ತದೆ, ಬೋಟ್ ಮುಳುಗಿದರೂ ಮುಳುಗಿತು.

ಒಂದು ಮಾತು ಇಲ್ಲೇ ಹೇಳಬೇಕು. ಹಲವು ವೇಕ್ ಬೋಟ್‌ಗಳಲ್ಲಿ ಇರುವುದು ಜನರಲ್ ಮೋಟಾರ್ಸ್‌ನ 5.7 ಲೀಟರ್ ವಿ8. ಟ್ರಕ್‌ಗಳಲ್ಲೂ ಇದೇ ಬ್ಲಾಕ್ ಇದೆ ಅಂತ ಕೆಲವರು ಗಾಡಿಯ ಸ್ಟಾರ್ಟರ್, ಆಲ್ಟರ್ನೇಟರ್ ತಂದು ಹಾಕಿಬಿಡುತ್ತಾರೆ. ಬೋಟ್‌ನದ್ದನ್ನು ಕಿಡಿ ಹೊರಗೆ ಬರದಂತೆ ಮಾಡಿರುತ್ತಾರೆ, ಗಾಡಿಯದ್ದು ಹಾಗಿರುವುದಿಲ್ಲ. ಮುಚ್ಚಿದ ಎಂಜಿನ್ ಗೂಡಿನಲ್ಲಿ ಪೆಟ್ರೋಲ್ ಆವಿ ಸೇರಿದಾಗ ಒಂದು ಕಿಡಿ ಸಾಕು. ಇಂಥ ಭಾಗ ಕಂಡರೆ ಬದಲಾಯಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ನೀರಿಗೆ ಇಳಿಸದೆ ದುಡ್ಡು ಕೊಡಬೇಡಿ

ಪೈಪ್‌ನಲ್ಲಿ ನೀರು ಬಿಟ್ಟು ದಡದಲ್ಲೇ ಎಂಜಿನ್ ಓಡಿಸಿ ತೋರಿಸುತ್ತಾರೆ. ಅದು ಸಾಲದು. ಹೊರೆ ಬಿದ್ದಾಗ ಎಂಜಿನ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ನೀರಿನಲ್ಲೇ ಗೊತ್ತಾಗಬೇಕು. ಮಾರುವವರು ಒಪ್ಪದಿದ್ದರೆ ಬೇರೆ ಬೋಟ್ ನೋಡಿ.

ಮೊದಲು ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬ್ಲೋವರನ್ನು, ಅಂದರೆ ಎಂಜಿನ್ ಗೂಡಿನ ಗಾಳಿ ಹೊರದಬ್ಬುವ ಫ್ಯಾನನ್ನು, ನಾಲ್ಕು ನಿಮಿಷ ಓಡಿಸಿ, ಪೆಟ್ರೋಲ್ ಆವಿ ಹೊರಗೆ ಹೋದ ಮೇಲೆ ಚಾಲೂ ಮಾಡಿ. ನೀರಿಗಿಳಿದ ಕೂಡಲೇ ಬಿಲ್ಜ್‌ಗೆ, ಅಂದರೆ ತಳದಲ್ಲಿ ನೀರು ಸೇರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೆ ನೋಡಿ. ಹಳೆಯ ಇನ್‌ಬೋರ್ಡ್‌ಗಳಲ್ಲಿ ಶಾಫ್ಟ್ ಹೊರಹೋಗುವ ಕಡೆ ಹನಿ ಹನಿ ನೀರು ಬರುವುದು ಸಹಜ, ಧಾರೆಯಾಗಿ ಬರಬಾರದು. ಬಿಸಿಯ ಮುಳ್ಳು ಒಂದು ಕಡೆ ನಿಲ್ಲಬೇಕು, ಏರುತ್ತಲೇ ಹೋಗಬಾರದು. ಎಂಜಿನ್ ಓಡುವಾಗ ವೋಲ್ಟ್ ಮೀಟರ್ 13.5ರಿಂದ 14.5ರ ನಡುವೆ ಇರಲಿ. ಪೂರ್ತಿ ವೇಗಕ್ಕೆ ಬಿಟ್ಟಾಗ ಎಂಜಿನ್ ನಿಮಿಷಕ್ಕೆ ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಮುಟ್ಟಬೇಕು. ಮುಟ್ಟದಿದ್ದರೆ ಪ್ರೊಪೆಲ್ಲರ್ ತಪ್ಪಾಗಿರಬಹುದು, ಎಂಜಿನ್ ಸೊರಗಿರಬಹುದು, ಇಲ್ಲವೇ ತಳ ನೀರು ಕುಡಿದು ಭಾರವಾಗಿರಬಹುದು. ಹಿಂದಕ್ಕೆ ಓಡಿಸಿ, ಎರಡೂ ಕಡೆ ಬಿಗಿಯಾಗಿ ತಿರುಗಿಸಿ.

ಸಾಧ್ಯವಾದರೆ ಒಬ್ಬರನ್ನು ಬೋರ್ಡ್ ಮೇಲೆ ಎಳೆದು ನೋಡಿ. ವೇಗ ಒಂದೇ ಸಮ ನಿಲ್ಲುತ್ತದೆಯೇ? ಪರ್ಫೆಕ್ಟ್‌ಪಾಸ್‌ನಂಥ ವೇಗ ಹಿಡಿಯುವ ಸಾಧನ ಇದ್ದರೆ ಬಹಳ ಅನುಕೂಲ. ಇಲ್ಲದಿದ್ದರೆ ಆಮೇಲೆ ಹಾಕಿಸಬಹುದು. ಭಾರದ ಚೀಲಗಳನ್ನು ತುಂಬಿಸಿ, ಖಾಲಿ ಮಾಡಿಸಿ, ಪ್ರತಿ ಪಂಪೂ ಕೆಲಸ ಮಾಡುತ್ತದೆಯೇ ನೋಡಿ. 350 ಲೀಟರಿನ ಒಂದು ಚೀಲ ತುಂಬಿದರೆ 350 ಕೆಜಿ, ನಾಲ್ಕೈದು ದೊಡ್ಡವರಷ್ಟು ತೂಕ. ಬೋಟ್ ಮೇಲಿರುವ ಮಿತಿಯ ಫಲಕದಲ್ಲಿ ಬರೆದ ಭಾರಕ್ಕೆ ಜನರ ಜೊತೆ ಈ ನೀರನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಎಲ್ಲರೂ ಹಾಕುತ್ತಾರೆ ಅಂತ ಮಿತಿ ಮೀರಿ ಭಾರ ಹೇರಿದ ಬೋಟ್‌ನ ಮೂತಿ ಒಂದು ಎದುರಲೆಗೆ ಮುಳುಗಬಹುದು.

ಟ್ರೇಲರ್ ಮತ್ತು ಕಾಗದ

ಟ್ರೇಲರ್ ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೆಯ ವಾರ. ಮೇಲ್ಮೈಯ ಗೀರುಗಳು ಆಳವಾಗಿದ್ದರೂ ಐದಾರು ವರ್ಷ ದಾಟಿದ ಟೈರನ್ನು ನಂಬಬೇಡಿ. ಬೇರಿಂಗ್, ಬ್ರೇಕ್, ದೀಪ, ಚೌಕಟ್ಟಿನ ತುಕ್ಕು ನೋಡಿ.

ಬೋಟ್‌ನ ಹಿಂಗೋಡೆಯ ಬಲಭಾಗದಲ್ಲಿ, ಮೇಲ್ಗಡೆ, ಗುರುತಿನ ಸಂಖ್ಯೆ ಕೆತ್ತಿರುತ್ತಾರೆ. ಅಮೆರಿಕದಲ್ಲಿ ತಯಾರಾದವಕ್ಕೆ 1972ರಿಂದ 12 ಅಕ್ಷರ-ಅಂಕಿಗಳ ಸಂಖ್ಯೆ ಇದೆ. 1984ರ ನಂತರ ಬಂದ ಮಾದರಿಯಲ್ಲಿ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಇದು ಕಾಗದದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಬೋಟ್ ಮೇಲೆ ಸಾಲ ಉಳಿದಿದೆಯೇ ಅಂತ ವಿಚಾರಿಸಿ. ವಿಮೆ ಕೊಡುವವರನ್ನೂ ಮೊದಲೇ ಕೇಳಿಬಿಡಿ, ಹಳೆಯ ಬೋಟ್‌ಗೆ ಕೆಲವರು ಪರಿಶೀಲನೆಯ ವರದಿ ಕೇಳುತ್ತಾರೆ. ಮೆರೀನ್ ಸರ್ವೇಯರ್, ಅಂದರೆ ಬೋಟ್ ಪರಿಶೀಲಿಸುವ ಪರಿಣತರೊಬ್ಬರಿಗೆ ಫೀ ಕೊಟ್ಟು ನೋಡಿಸುವುದು ಹೇಗೂ ಒಳ್ಳೆಯದು. ನಿಮಗೆ ತೊಲೆಯ ಬಗ್ಗೆ ಅನುಮಾನ ಉಳಿದಿದ್ದರಂತೂ ಅವರು ತೇವ ಅಳೆಯುವ ಸಾಧನ ಇಟ್ಟು ಹೇಳಿಬಿಡುತ್ತಾರೆ.

ಬೆಲೆ ಮಾತು, ಮತ್ತು ತಂದ ಮೇಲಿನ ಕೆಲಸ

ಕಂಡ ದೋಷಗಳನ್ನು ಬರೆದುಕೊಂಡು, ಒಂದೊಂದರ ರಿಪೇರಿಗೆ ಎಷ್ಟಾಗುತ್ತದೆ ಅಂತ ಕೇಳಿ ತಿಳಿದು, ಆ ಪಟ್ಟಿ ಮುಂದಿಟ್ಟು ಮಾತಾಡಿ. ಸುಮ್ಮನೆ ಕಡಿಮೆ ಮಾಡಿ ಅನ್ನುವುದಕ್ಕಿಂತ ಇದಕ್ಕೆ ಬೆಲೆ ಜಾಸ್ತಿ, ಮಾರುವವರಿಗೂ ಬೇಸರವಾಗುವುದಿಲ್ಲ. ಆಟದ ಕಾಲ ಮುಗಿಯುತ್ತಿರುವಾಗ ಹೋದರೆ ಇಳಿಸುವ ಮನಸ್ಸು ಹೆಚ್ಚು, ಯಾಕೆಂದರೆ ಇಟ್ಟುಕೊಳ್ಳುವುದಕ್ಕೂ ಖರ್ಚಿದೆ ಅಲ್ವಾ.

ಬೋಟ್ ಮನೆಗೆ ಬಂದ ಮೇಲೆ ಮಾರಿದವರು ಏನೇ ಹೇಳಿರಲಿ, ನೀರಿನ ಪಂಪ್‌ನ ರಬ್ಬರ್ ಇಂಪೆಲ್ಲರ್, ಅಂದರೆ ಎಂಜಿನ್‌ಗೆ ನೀರು ತಳ್ಳುವ ಚಕ್ರ, ಬದಲಾಯಿಸಿ. ಸಣ್ಣ ಖರ್ಚು, ಅದು ಕೈಕೊಟ್ಟರೆ ಎಂಜಿನ್ ಕಾದು ಹಾಳು. ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಪೆಟ್ರೋಲ್ ಫಿಲ್ಟರ್, ಬೆಲ್ಟ್ ಹೊಸದು ಹಾಕಿ. ಅಲ್ಲಿಂದ ನಿಮ್ಮದೇ ಲೆಕ್ಕ ಶುರು. ಟವರ್‌ಗೆ ಟ್ಯೂಬ್ ಕಟ್ಟಬೇಡಿ. ನೀರಿಗೆ ಮೂತಿ ತೂರಿದ ಟ್ಯೂಬ್‌ನ ಎಳೆತ ಟವರನ್ನೇ ಬಗ್ಗಿಸಬಲ್ಲದು, ಅದಕ್ಕೆ ಹಿಂದಿನ ಕೆಳಗಿನ ಕೊಕ್ಕೆ ಇದೆ. ಎಂಜಿನ್ ಓಡುತ್ತಿರುವಾಗ ಹಿಂದಿನ ಹಲಗೆಯ ಮೇಲೆ ಯಾರನ್ನೂ ಕೂರಲು, ಅದನ್ನು ಹಿಡಿದು ತೇಲಲು ಬಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಧಾನವಾಗಿ, ಹಿಂದೆ ಭಾರ ತುಂಬಿ ಓಡುವಾಗ ಅದು ಬೋಟ್ ಒಳಗೂ ಸುಳಿದು ಬರುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಹಳೆಯ ಬೋಟ್ ಆದರೆ ಸ್ಪೀಕರ್‌ಗಿಂತ ಮೊದಲು ಅದನ್ನು ಹಾಕಿಸಿ.